ಬೀಗದೊಳಗಿನ ಪುಡಿ

ನನ್ನ ಅಣ್ಣ ವಿಜ್ಞಾನಿ. ಸರ್ಕಾರದ ಆರೋಗ್ಯ ಇಲಾಖೆಯಲ್ಲಿ ಹೊಸ ಔಷಧಿ, ಹೊಸ ಯೋಜನೆಗಳನ್ನು ರೂಪಿಸುವ ವಿಭಾಗದ ಮುಖ್ಯಸ್ಥನಾಗಿ ಬೆಂಗಳೂರಿನಲ್ಲಿದ್ದ. ವಾಂತಿಭೇದಿಯಾದ ಮಕ್ಕಳಿಗೆ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪುಸಕ್ಕರೆಯ ಪುಡಿಯನ್ನು ಎಂಬತ್ತರ ದಶಕದ ಆರಂಭದಲ್ಲಿ ಹಳ್ಳಿಯ ಆಸ್ಪತ್ರೆಗಳಿಗೆ ಮುಟ್ಟಿಸಿದವನು ಅವನೇ. ಅದಕ್ಕೆ ಹಾರ, ಶಾಲು ಬಂದವು. ಬರಲಿ. ನಾನು ಹೇಳಬೇಕಾದ್ದು ಬೇರೆ.

ಒಂದು ಯುಗಾದಿಗೆ ತುರುವೇಕೆರೆ ಹತ್ತಿರದ ನಮ್ಮ ಮನೆಗೆ ಬಂದವನು ಆ ಪುಡಿಯ ವಿಷಯ ಹೇಳಿ ಹಿಗ್ಗಿದ.

"ಉಪ್ಪು, ಸಕ್ಕರೆ ತಾನೆ? ನಾವೇ ಕಲಸಿ ಕೊಡಬೌದಲ್ಲ?" ಅಂದೆ.

"ಬ್ಯಾಡ ಕಣೇ. ಉಪ್ಪು ಜಾಸ್ತಿ ಆದ್ರೆ ಅಪಾಯ. ಡಾಕ್ಟ್ರು ಬರೆದ್ರೆ ಮಾತ್ರ ಕೊಡಬೇಕು ಅಂತ ನಾನೇ ಆರ್ಡರ್ ಮಾಡ್ಸಿದೀನಿ."

ಆ ಬೇಸಿಗೆಯಲ್ಲೇ ನನ್ನ ಮಗಳಿಗೆ ಭೇದಿ ಹತ್ತಿತು. ಇನ್ನೂ ಎರಡು ವರ್ಷ ತುಂಬಿರಲಿಲ್ಲ. "ನೀರು ಕುಡಿಸಿದಷ್ಟೂ ಹೋಯ್ತದೆ, ಹೊಟ್ಟೆ ಒಣಗ್ಲಿ ಬುಡು" ಎಂದರು ಅತ್ತೆ. ಮರೆಯಲ್ಲಿ ಒಂದು ಗುಟುಕು ಹಾಕಹೋದರೆ ಚೊಂಬು ಕಿತ್ತುಕೊಂಡರು. ಮನೆಯ ಸುತ್ತ ತೆಂಗಿನ ತೋಟ. ಎಳನೀರಾದರೂ ಕೀಳಿಸಿ ಅಂದೆ. ಮಾವ ಕೂತಲ್ಲಿಂದ ಏಳಲಿಲ್ಲ. ನಮ್ಮ ಕಡೆ ಕಾಯಿ ಬಲಿತು, ಅಟ್ಟ ಸೇರಿ, ಒಳಗಿನ ನೀರೆಲ್ಲ ಆರಿ ಕೊಬ್ಬರಿಯಾಗಬೇಕು. ಎಳೆಗಾಯಿಗೆ ಕುಡುಗೋಲು ಹಾಕುವುದೆಂದರೆ ಅವರಿಗೆ ಬಸುರಿಯ ಹೊಟ್ಟೆಗೆ ಕೈ ಹಾಕಿದಂತೆ. "ಅದೂ ಶೀತ ಕಣಮ್ಮ" ಎಂದರು.

ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋಬಳಿಯ ಆಸ್ಪತ್ರೆಗೆ ನಡೆದೆ. ಕಾಂಪೌಂಡರ್ ಒಬ್ಬನೇ ಇದ್ದ. ಅವನ ಹಿಂದೆ ಬೀಗ ಹಾಕಿದ ಗಾಜಿನ ಬೀರುವಿನಲ್ಲಿ ಪುಡಿಯ ಪೊಟ್ಟಣಗಳು ಕಾಣುತ್ತಿದ್ದವು.

"ಡಾಕ್ಟ್ರು ತಿಪಟೂರಿಗೆ ಹೋಗವ್ರೆ. ಅವ್ರು ಬರೀದೆ ಕೊಡಂಗಿಲ್ಲ ಕಣ್ರೀ. ಬೆಂಗ್ಳೂರು ಆರ್ಡರು."

"ಆ ಆರ್ಡರ್ ಮಾಡ್ಸಿದೋನು ನಮ್ಮಣ್ಣ ಕಣಪ್ಪ!"

"ಹಂಗಾರೆ ಅವ್ರನ್ನೇ ಕರ್ಕೊಂಬನ್ನಿ" ಎಂದು ನಕ್ಕ.

ಡಾಕ್ಟರು ಬರುವಷ್ಟರಲ್ಲಿ ಮಗು ನನ್ನ ಮಡಿಲಲ್ಲೇ ತಣ್ಣಗಾಗಿತ್ತು. ಮಣ್ಣಿಗೆ ಬಂದ ಅಣ್ಣ ನಡೆದದ್ದನ್ನೆಲ್ಲ ಕೇಳಿಸಿಕೊಂಡು ಜೀಪು ಹತ್ತಿದ. ಅತ್ತೆ ಮಾವ ತಿಳಿಯದವರು. ತಿಳಿದವನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ಮರುವರ್ಷ ಅದೇ ಆಸ್ಪತ್ರೆಯ ಅಂಗಳದಲ್ಲಿ ಹೆಂಗಸರ ಸಭೆ ಕರೆದರು. ಭಾಷಣಕ್ಕೆ ಅಣ್ಣನೇ ಬಂದ. "ಇದೇ ಸೀಮೆಯ ಒಬ್ಬ ತಾಯಿ. ತಲೆಯ ಮೇಲೆ ಮರದಲ್ಲಿ ಎಳನೀರಿತ್ತು, ನಡೆದು ಬರುವಷ್ಟು ದೂರದಲ್ಲಿ ಆಸ್ಪತ್ರೆಯಿತ್ತು. ಅಜ್ಞಾನದಿಂದ ಮಗು ಕಳೆದುಕೊಂಡಳು" ಎಂದ. ಹೆಂಗಸರು ಲೊಚಗುಟ್ಟಿದರು.

ನಾಲ್ಕು ಜನರ ಮುಂದೆ ದನಿಯೆತ್ತಿದವಳಲ್ಲ ನಾನು. ಎದ್ದು ನಿಂತೆ.

"ಆ ತಾಯಿ ನಾನೇ ಅಂತ ಹೇಳಣ್ಣ. ಮಗೀನ ಎತ್ಕೊಂಡು ಇಲ್ಲೀಗಂಟ ಬಂದಿದ್ದೆ ಅಂತ್ಲೂ ಹೇಳು. ಬೀಗ ಹಾಕ್ಸಿದ್ದು ಯಾರು, ಅದ್ನೂ ಹೇಳು."

"ಕೂತ್ಕೊ, ಆಮೇಲೆ ಮಾತಾಡಣ."

"ಕೂರಲ್ಲ. ಬೀರು ತೆಗ್ಸು."

ಹಿಂದಿನಿಂದ ಒಬ್ಬ ಮುದುಕಿ ಕೂಗಿದಳು: "ತೆಗ್ಸಪ್ಪ! ಅಷ್ಟು ದೊಡ್ಡ ಸಾಹೇಬ ಅಂತಾರೆ, ಒಂದು ಬೀಗ ತೆಗ್ಸಕಾಗಕಿಲ್ವಾ?"

ಅಂಗಳವೆಲ್ಲ ನಕ್ಕಿತು. ಅವನ ಮುಖ ಕೆಂಪಾಯಿತು. ಬೀರು ತೆಗೆಸಿ, ಬಂದವರಿಗೆಲ್ಲ ಪೊಟ್ಟಣ ಕೊಡಿಸಿದ. ಮನೆಮನೆಗೆ ಪುಡಿ ಹಂಚುವ ನಿಯಮವನ್ನು ಆಮೇಲೆ ಅವನೇ ತಂದ. ಅದಕ್ಕೂ ಶಾಲು ಬಂತು.

ಆ ದಿನ ಕೊನೆಗೆ ನನ್ನ ಕಡೆಗೂ ಒಂದು ಪೊಟ್ಟಣ ಚಾಚಿದ.

"ನನ್ ಮನೇಲಿ ಯಾರಿಗಣ್ಣ?" ಅಂದೆ.