ಬಲಗಡೆಯ ಸೀಟು

ಅಂಚೆ ಕಚೇರಿಯ ಪಾರ್ಸಲ್ ಕೌಂಟರಿನಲ್ಲಿ ಅರ್ಧ ಆಯುಸ್ಸು ಸವೆಸಿದ ಹೆಂಗಸನ್ನು ಬೀದಿಯವರು ಪಾರ್ಸಲಕ್ಕ ಎಂದು ಕರೆದರೆ ಅದರಲ್ಲಿ ತಪ್ಪೇನಿಲ್ಲ. ಅವಳಿಗೂ ಅದರ ಬಗ್ಗೆ ಬೇಸರವಿರಲಿಲ್ಲ. ಆದರೆ ಅದೇ ಬೀದಿಯವರು ಅವಳ ಗಂಡನನ್ನು ಪೈಲಟ್ಟು ಎನ್ನತೊಡಗಿದ ಮೇಲೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬಸ್ಸುಗಳಿಗೆ ಬಾಡಿ ಕಟ್ಟಿ ನಿವೃತ್ತನಾದ ಮನುಷ್ಯ ತೆಪ್ಪಗೆ ಮನೆಯಲ್ಲಿ ಕೂರುವುದು ಬಿಟ್ಟು, ಬಿಡಿಭಾಗಗಳ ಪೆಟ್ಟಿಗೆ ತರಿಸಿ ಕಾರ್ ಶೆಡ್ಡಿನಲ್ಲಿ ವಿಮಾನ ಕಟ್ಟಲು ನಿಂತರೆ ಬೀದಿಯವರು ಇನ್ನೇನು ತಾನೇ ಅಂದಾರು?

ಪೆಟ್ಟಿಗೆಗಳು ಲಾರಿಯಿಂದ ಇಳಿದ ದಿನ ಅವಳು ಬೆಳಗಿನಿಂದ ಜಗಳ ತೆಗೆದಳು. ಸಂಜೆ ಅವನು ನಕ್ಷೆ ಹಾಸಿ ಅದರ ಮೇಲೆ ಬೆರಳಿಟ್ಟು, "ನೋಡು, ಎರಡು ಸೀಟು. ಎಡಗಡೆದು ನಂದು, ಬಲಗಡೆದು ನಿಂದು" ಅಂದ. ಅವಳ ಬಾಯಿ ಅಲ್ಲಿಗೆ ಕಟ್ಟಿತು. ಊರವರ ಪೆಟ್ಟಿಗೆಗಳನ್ನು ಲೋಕದ ಮೂಲೆಮೂಲೆಗೆ ವಿಮಾನ ಹತ್ತಿಸಿ ಕಳಿಸಿದವಳು ಅವಳು. ಅವಳ ಕಾಲು ಮಾತ್ರ ಒಂದು ದಿನವೂ ನೆಲ ಬಿಟ್ಟು ಎದ್ದಿರಲಿಲ್ಲ. ಆ ಸೀಟಿನ ಆಸೆ ಅಂದೇ ಹತ್ತಿಕೊಂಡಿತು. ಆಸೆಪಟ್ಟ ತಪ್ಪಿಗೆ ಮುಂದೆ ಅನುಭವಿಸಬೇಕಾದ್ದನ್ನೆಲ್ಲ ಅನುಭವಿಸಿದಳು.

ಮೊದಲು ಸೋಫಾ ಹೋಯಿತು. ಶೆಡ್ಡಿನಲ್ಲಿ ಹಿಡಿಸದ ರೆಕ್ಕೆಗಳು ಹಜಾರಕ್ಕೆ ಬಂದು ಮಲಗಿದವು, ಸೋಫಾ ತಂಗಿಯ ಮನೆ ಸೇರಿತು. ಬಂದ ನೆಂಟರು ಅಡುಗೆಮನೆಯ ಸ್ಟೂಲಿನ ಮೇಲೆ ಸರದಿಯಲ್ಲಿ ಕೂತರು. ಆಮೇಲೆ ಬರುವುದನ್ನೇ ಬಿಟ್ಟರು. ಅಲ್ಯೂಮಿನಿಯಂ ಪುಡಿ ಬಾಚಣಿಗೆಯಲ್ಲಿ, ದಿಂಬಿನ ಮೇಲೆ, ಹಿಟ್ಟಿನ ಡಬ್ಬಿಯಲ್ಲಿ. ವಾಷಿಂಗ್ ಮಷೀನು ಗಡಗಡ ಎಂದರೆ ಅವನ ಪ್ಯಾಂಟಿನ ಜೇಬಿನಲ್ಲಿದ್ದ, ತಗಡು ಜೋಡಿಸುವ ರಿವೆಟ್ಟುಗಳು ಅದರ ಹೊಟ್ಟೆ ಸೇರಿವೆ ಎಂದೇ ಅರ್ಥ. ತಂಗಿ ಫೋನು ಮಾಡಿದಾಗಲೆಲ್ಲ, ಭಾವ ಹಾರಿದ್ರಾ ಎಂದು ಕೇಳುವಳು. ಅದಕ್ಕೆ ಮೊದಲು ನನ್ನ ಪ್ರಾಣ ಹಾರುತ್ತದೆ ಎಂದು ಇವಳು ಫೋನು ಕುಕ್ಕುವಳು.

ರಿವೆಟ್ಟು ಹೊಡೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಹೊರಗಿನಿಂದ ಒಬ್ಬರು ಗನ್ ಒತ್ತಿದರೆ, ಒಳಗಿನಿಂದ ಇನ್ನೊಬ್ಬರು ಕಬ್ಬಿಣದ ಗಟ್ಟಿಯೊಂದನ್ನು ರಿವೆಟ್ಟಿನ ಬಾಲಕ್ಕೆ ಆನಿಸಿ ಹಿಡಿಯಬೇಕು. ರೆಕ್ಕೆಯ ಕಿಂಡಿಯಲ್ಲಿ ತೂರುವಷ್ಟು ಸಣ್ಣ ತೋಳು ಆ ಮನೆಯಲ್ಲಿ ಇದ್ದದ್ದು ಅವಳದೇ. ದಿನವಿಡೀ ಕೌಂಟರಿನಲ್ಲಿ ನಿಂತು ಬಂದವಳು ಬಟ್ಟೆ ಬದಲಿಸಿ, ಭುಜದ ತನಕ ಕೈಯನ್ನು ರೆಕ್ಕೆಯೊಳಕ್ಕೆ ಇಳಿಸಿ ಕೂರುವಳು. ಟರ್ರೆಂದು ಗನ್ ಹೊಡೆದರೆ ಹಲ್ಲಿನ ತನಕ ನಡುಕ. ಮೊಣಕೈಯ ಸುತ್ತ ನೀಲಿ ಗುರುತು. ಕಚೇರಿಯ ಹಿರಿಯರೊಬ್ಬರು ಅವಳನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಯಜಮಾನರು ಕೈ ಮಾಡುತ್ತಾರಾ ಎಂದು ಮೆಲ್ಲಗೆ ವಿಚಾರಿಸಿದರು. ಇಲ್ಲ, ವಿಮಾನ ಕಟ್ಟುತ್ತಾರೆ ಎಂದಳು. ಅವರ ಮುಖದಲ್ಲಿ ಮರುಕ ಇನ್ನಷ್ಟು ಹೆಚ್ಚಿತು.

ಇಷ್ಟನ್ನೂ ಸಹಿಸಿದಳು. ಸಹಿಸಲಾಗದ್ದು ಅವನ ಬಸ್ ಬುದ್ಧಿ. ಬಸ್ಸಿನಲ್ಲಿ ಜನ ಫುಟ್‌ಬೋರ್ಡಿಗೆ ಜೋತುಬೀಳುತ್ತಾರೆ, ಟಾಪಿಗೆ ಹತ್ತುತ್ತಾರೆ. ಅಲ್ಲಿ ಅನುಮಾನ ಬಂದ ಕಡೆ ಇನ್ನೊಂದು ಪಟ್ಟಿ ಬಡಿದರೆ ಯಾರೂ ಯಾಕೆಂದು ಕೇಳುವುದಿಲ್ಲ. ವಿಮಾನಕ್ಕೂ ಅವನದು ಅದೇ ಕೈ. ನಕ್ಷೆಯಲ್ಲಿ ಒಂದು ಪಟ್ಟಿ ಇದ್ದರೆ ಇವನದು ಎರಡು, ತೆಳು ತಗಡು ಎಂದಿದ್ದರೆ ಇವನದು ದಪ್ಪ. ಅವಳಾದರೋ ಪೆಟ್ಟಿಗೆಯನ್ನು ಒಮ್ಮೆ ಕೈಯಲ್ಲಿ ಎತ್ತಿದರೆ ಸಾಕು, ತೂಕದ ಯಂತ್ರ ಏನು ತೋರಿಸುತ್ತದೆಂದು ಹೇಳಬಲ್ಲವಳು. ಇದು ಹೆಚ್ಚಾಯಿತು, ಮಿತಿ ಮೀರಿದ ಪಾರ್ಸಲನ್ನು ನಾವು ವಾಪಸ್ ಕೊಟ್ಟುಬಿಡುತ್ತೇವೆ ಎಂದು ಎಷ್ಟು ಸಲ ಬಾಯಿ ಬಡಿದುಕೊಂಡಳೋ. ಒಂದು ಹಿಡಿ ರಿವೆಟ್ಟಿನಿಂದ ಏನು ಮುಳುಗಿಹೋಯಿತು ಎಂದು ಅವನು ನಗುವನು. ಅದರ ಬದಲು ಶೆಡ್ಡಿನ ಗೋಡೆಗೆ ಹೇಳಿದ್ದರೆ ಗಂಟಲಾದರೂ ಉಳಿಯುತ್ತಿತ್ತು.

ಅಂತೂ ಇಂತೂ ಕೆಲಸ ಮುಗಿದು, ವಿಮಾನ ಊರಾಚೆಯ ಸಣ್ಣ ಹಾರಾಟದ ಮೈದಾನದ ಶೆಡ್ಡು ಸೇರಿತು. ಅವನು ಭಾನುವಾರಗಳಲ್ಲಿ ಹಾರಲು ಕಲಿತದ್ದೂ ಅಲ್ಲಿಯೇ. ತೂಕದ ದಿನ ಅವಳು ರಜೆ ಹಾಕಿ, ಹೊಸ ಶೂ ತೊಟ್ಟು ಹೋದಳು. ತಪಾಸಣೆಗೆ ಬಂದ ಅಧಿಕಾರಿ ಮೂರು ಚಕ್ರಗಳ ಕೆಳಗೂ ಒಂದೊಂದು ತೂಕದ ಯಂತ್ರ ಇಟ್ಟು, ಅಂಕಿಗಳನ್ನು ಕೂಡಿಸಿ, ಕನ್ನಡಕ ತೆಗೆದು ಒರೆಸಿಕೊಂಡರು. ಕೆಲಸ ಅಚ್ಚುಕಟ್ಟಾಗಿದೆ, ವಿಮಾನ ಹಾರುತ್ತದೆ ಎಂದರು. ಆದರೆ ಮೈಭಾರ ವಿಪರೀತವಾಗಿದೆ. ಪೆಟ್ರೋಲು ತುಂಬಿಸಿ ಒಬ್ಬರು ಕೂತರೆ ಮಿತಿ ಮುಗಿಯಿತು, ಬಲಗಡೆಯ ಸೀಟಿನಲ್ಲಿ ಯಾರೂ ಕೂರುವ ಹಾಗಿಲ್ಲ ಎಂದರು.

ಸೋಫಾ, ಮೊಣಕೈ, ಸಾಲುಸಾಲು ಸಂಜೆಗಳು ಯಾವ ಸೀಟಿಗಾಗಿ ಹೋದವೋ ಆ ಸೀಟೇ ಇಲ್ಲ. ಗಂಡನನ್ನು ನುಂಗುವ ಹಾಗೆ ನೋಡಿದಳು. ಅವನು ತಲೆ ತಗ್ಗಿಸಿ ಚಕ್ರ ನೋಡುತ್ತಿದ್ದ.

ಅಧಿಕಾರಿಗೆ ಇನ್ನೊಂದು ಅನುಮಾನ ಉಳಿದಿತ್ತು. "ಎಡಗಡೆ ಚಕ್ರಕ್ಕಿಂತ ಬಲಗಡೆ ಚಕ್ರದ ಮೇಲೆ ಭಾರ ತುಂಬಾ ಜಾಸ್ತಿ ಬರ್ತಿದೆಯಲ್ಲ. ಆ ಕಡೆ ಏನು ಹಾಕಿದ್ದೀರಿ?"

ಗಂಡನ ಕಣ್ಣು ಬಲಗಡೆಯ ಸೀಟಿನ ಕಡೆ ಹೋಗಿ ಬಂತು. ಅವಳು ಶೂ ಕಳಚಿ, ರೆಕ್ಕೆಯ ಮೇಲೆ ಹತ್ತಿ, ತನ್ನ ಸೀಟಿನ ದಿಂಬು ಕಿತ್ತಳು. ಕೆಳಗೆ ತಗಡಿನ ಮೇಲೆ ತಗಡು, ಅದರ ಮೇಲೆ ಅಡ್ಡಪಟ್ಟಿ, ಪಕ್ಕದ ಗೋಡೆಗೂ ಪಟ್ಟಿ, ಕಾಲಿಡುವ ಕಡೆಯೂ ಪಟ್ಟಿ. ಎಲ್ಲಕ್ಕೂ ನಡುವೆ ಸಣ್ಣ ತೂತಿರುವ ರಿವೆಟ್ಟು. ಹಿಂದೆ ಕಬ್ಬಿಣದ ಗಟ್ಟಿ ಹಿಡಿಯುವವರು ಬೇಡದ, ಒಬ್ಬರೇ ಎಳೆದು ಕೂರಿಸುವ ಜಾತಿಯದು. ಅಂದರೆ ಅವಳು ಕೌಂಟರಿನಲ್ಲಿದ್ದ ಹೊತ್ತಿನಲ್ಲಿ, ಅವಳಿಗೆ ಗೊತ್ತಾಗದ ಹಾಗೆ ಹೊಡೆದವು. ಅವಳು ಎಡಗಡೆಯ ದಿಂಬನ್ನೂ ಎತ್ತಿ ನೋಡಿದಳು. ಅಲ್ಲಿ ನಕ್ಷೆಯಲ್ಲಿದ್ದ ತೆಳು ತಗಡು ಬಿಟ್ಟರೆ ಏನೂ ಇರಲಿಲ್ಲ.

"ಇದೇನ್ರೀ ಇದು?"

"ನೀನು ಕೂರೋ ಜಾಗ" ಅಂದ ಅವನು. "ಅಕಸ್ಮಾತ್ ಬಿದ್ರೂ ನಿನಗೇನೂ ಆಗಬಾರದು ಅಂತ."

ಅವಳಿಗೆ ಅಳು ಬಂತು, ಆದರೆ ಅದನ್ನು ತಳ್ಳಿಕೊಂಡು ಸಿಟ್ಟು ಮುಂದೆ ಬಂತು. ಇಂಥ ಗಂಡನನ್ನು ಕಟ್ಟಿಕೊಂಡು ಏಗುವುದು ಹೇಗೆ? ಬಾಯಿ ಬಿಟ್ಟು ಒಂದು ಒಳ್ಳೆಯ ಮಾತು ಆಡಲಾರದವನು ಅದನ್ನೆಲ್ಲ ತಗಡು ಮಾಡಿ ಅವಳ ಸೀಟಿನ ಕೆಳಗೆ ಬಡಿದಿದ್ದ, ಬಡಿದು ಬಡಿದು ಅವಳನ್ನೇ ಹೊರಗೆ ಹಾಕಿದ್ದ.

"ನಿಮಗೆ ಹೆಚ್ಚುಕಮ್ಮಿ ಆದಮೇಲೆ ನಾನೊಬ್ಬಳು ಉಳಿದು ಏನು ಮಾಡ್ಲಿ? ಮುರಿದ ರೆಕ್ಕೆ ಒರೆಸಿಕೊಂಡು ಕೂತಿರ್ಲಾ?"

ಅಧಿಕಾರಿ ಕೆಮ್ಮಿ, ಆ ಹೆಚ್ಚುವರಿ ಪಟ್ಟಿಗಳನ್ನೆಲ್ಲ ಬಿಚ್ಚಿ, ತೂತುಗಳನ್ನು ಸರಿಯಾಗಿ ಮುಚ್ಚಿ ಮತ್ತೆ ತೂಕ ಹಾಕಿಸಿದರೆ ಎರಡನೆಯವರಿಗೆ ಜಾಗ ಆದರೂ ಆದೀತು ಎಂದು ಹೇಳಿ, ಗಂಡಹೆಂಡತಿಯ ನಡುವೆ ತಮಗೇನು ಕೆಲಸ ಎಂಬಂತೆ ಹೊರಗೆ ಹೋದರು. ಅವಳು ಉಪಕರಣದ ಪೆಟ್ಟಿಗೆಯಿಂದ ಡ್ರಿಲ್ ತೆಗೆದಳು. ಅವನು ಹತ್ತಿರ ಬಂದು, ಎಲ್ಲ ಬೇಡ, ಕೆಳಗಿನದೊಂದು ತಗಡಾದರೂ ಇರಲಿ ಎಂದು ಗೋಗರೆದ. ಅಷ್ಟು ವರ್ಷಗಳಲ್ಲಿ ಅವನು ಅವಳಲ್ಲಿ ಏನನ್ನಾದರೂ ಬೇಡಿಕೊಂಡದ್ದು ಅದೇ ಮೊದಲು.

"ಬೇಡ" ಅಂದಳು. "ನಿಮ್ಮ ಕೆಳಗೆ ಎಷ್ಟಿದೆಯೋ ನನ್ನ ಕೆಳಗೂ ಅಷ್ಟೇ ಇರ್ಲಿ. ಬಿದ್ರೆ ಇಬ್ರೂ ಬೀಳೋಣ."

ಅವನು ವೈರು ಎಳೆದು ತಂದು ಡ್ರಿಲ್ಲನ್ನು ಪ್ಲಗ್ಗಿಗೆ ಸಿಕ್ಕಿಸಿದ.