ನಾಲ್ಕು ಚಕ್ರಕ್ಕೆ ನಾಲ್ಕು ತೂಕ

ಅರಿಜೋನಾದ ಮರುಭೂಮಿಯಲ್ಲಿ ಇನ್ನೂ ಸೂರ್ಯ ಹುಟ್ಟಿಲ್ಲ. ಕ್ವಾರ್ಟ್‌ಸೈಟ್ ಊರಂಚಿನ ತಗಡಿನ ಅಂಗಡಿಯ ಮುಂದೆ ಅರವತ್ತಮೂರರ ವರ್ನಾ ಟೂಮಿ ರಟ್ಟು ಹಾಸಿ, ಮೊಣಕಾಲೂರಿ, ಟಯರಿಗೆ ಗಾಳಿಯ ಮೀಟರು ಹಿಡಿದಿದ್ದಾರೆ. ಟಯರು ತಣ್ಣಗಿದ್ದಾಗ ತೋರಿಸುವ ಲೆಕ್ಕವೇ ನಿಜ, ಓಡಿ ಬಿಸಿಯಾದ ಮೇಲೆ ಅದು ಸುಳ್ಳು ಹೇಳುತ್ತದೆ. ಹಾಗಾಗಿ ಅವರ ಅಂಗಡಿ ತೆರೆಯುವುದು ನಸುಕಿನಲ್ಲೇ.

ಇವತ್ತಿನ ಗಿರಾಕಿಗಳು ಹಾರ್ಲನ್ ಮತ್ತು ಐಡೆಲ್ಲಾ ಲಿಂಡ್‌ಕ್ವಿಸ್ಟ್ ದಂಪತಿ. ಪಿಕಪ್ಪಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರೇ ಅವರಿಗಿರುವ ಒಂದೇ ಮನೆ. ಚಳಿಗಾಲ ಇಲ್ಲಿ ಕಳೆದು ಮಿನ್ನೆಸೋಟಾಕ್ಕೆ ಮರಳಬೇಕು, ಸಾವಿರದ ಎಂಟುನೂರು ಮೈಲಿ. ಕಳೆದ ವಾರ ಎರಡು ಟಯರು ಸಿಡಿದಿವೆ, ಎರಡೂ ಎಡಗಡೆಯವೇ.

"ಇನ್ನೊಂದು ಸಿಡಿದ್ರೆ ಇದನ್ನ ಮಾರ್ಬಿಡು, ನಾನಂತೂ ಹತ್ತಲ್ಲ," ಎನ್ನುತ್ತಾರೆ ಐಡೆಲ್ಲಾ. ಹಾರ್ಲನ್ ಟಯರು ಮಾಡಿದವರ ಜನ್ಮ ಜಾಲಾಡುತ್ತಾರೆ. ಎರಡು ಸಲವೂ ಅದೇ ಅಳತೆಯ, ಅದೇ ದರ್ಜೆಯ ಟಯರು ಹಾಕಿಸಿದ್ದಾರೆ.

"ಬಂಡಿ ತೂಕ ಹಾಕ್ಸಿದೀರಾ?" ಎಂದು ವರ್ನಾ ಕೇಳುತ್ತಾರೆ.

"ಹಾಕ್ಸಿದೀನಿ. ಲಾರಿ ತೂಗೋ ಕಡೆ. ಸರಿಯಾಗೇ ಇದೆ."

"ಅದು ಒಟ್ಟು ತೂಕ ಯಜಮಾನ್ರೇ. ಸಿಡಿಯೋದು ಒಂದೊಂದೇ ಟಯರು ತಾನೇ?"

ಇಲ್ಲೇ ಎಲ್ಲ ಎಡವುವುದು. ವರ್ನಾ ನಾಲ್ಕು ಚಕ್ರಗಳಡಿಗೂ ಒಂದೊಂದು ತೂಕದ ಹಲಗೆ ಇಡುತ್ತಾರೆ. ಹಳೆಯ ಟಯರು ಹೊರಬಲ್ಲದ್ದು 1,820 ಪೌಂಡು. ಎಡಗಡೆ ಹಿಂದಿನ ಚಕ್ರದ ಮೇಲೆ ಬಿದ್ದಿರುವುದು 2,060.

"ಆ ಕಡೆ ಮಂಚದಡಿ ಏನಿದೆ?"

ಐಡೆಲ್ಲಾ ಕತ್ತು ತಿರುಗಿಸುತ್ತಾರೆ. "ಒಂದಿಷ್ಟು ಕಲ್ಲು. ಮರುಭೂಮೀಲಿ ಚೆಂದ ಕಂಡದ್ದು ಆರಿಸ್ಕೊಂಡಿದ್ದು. ಎರಡೇ ಬಕೆಟ್ಟು."

ಹೊರಬಂದದ್ದು ಹನ್ನೊಂದು ಬಕೆಟ್ಟು.

"ನಲವತ್ತೊಂದು ವರ್ಷ ಸಂಸಾರ ಮಾಡಿದೀನಿ, ಬೆಟ್ಟದ ಮೇಲೆ ಮಲಗ್ತಿದೀನಿ ಅಂತ ಗೊತ್ತೇ ಆಗ್ಲಿಲ್ಲ!" ಎನ್ನುತ್ತಾರೆ ಹಾರ್ಲನ್.

"ನಿನ್ನ ಪಾನಾ ಪೆಟ್ಟಿಗೆಗಳೇನು ಹತ್ತಿ ಮೂಟೇನಾ? ಅವೂ ಅದೇ ಪಕ್ಕದಲ್ಲೇ ಇವೆ."

ವರ್ನಾ ನಗುತ್ತಲೇ ಎರಡನ್ನೂ ಪಿಕಪ್ಪಿಗೆ ಸಾಗಿಸುತ್ತಾರೆ. ಅವರು ಆರಿಸಿದ ಹೊಸ ಟಯರು ತಲಾ 2,830 ಪೌಂಡು ಹೊರುತ್ತದೆ. ಅದಕ್ಕೆ ತುಂಬಬೇಕಾದ ಹೆಚ್ಚಿನ ಗಾಳಿಯ ಒತ್ತಡವನ್ನು ರಿಮ್ಮು ತಾಳಿಕೊಳ್ಳುತ್ತದೆಯೇ, ಕೊಂಚ ಅಗಲವಾದ ಟಯರುಗಳು ಒಂದಕ್ಕೊಂದು ಉಜ್ಜುತ್ತವೆಯೇ ಎಂದು ನೋಡಿದ ಮೇಲೆಯೇ ಅವರು ಪಾನಾ ಹಿಡಿಯುವುದು. ಹಾರ್ಲನ್‌ರ ಸ್ಟೆಪ್ನಿಯನ್ನು ಅವರು ಪಕ್ಕಕ್ಕೆ ಎಸೆಯುತ್ತಾರೆ.

"ಅದರ ಹಲ್ಲೇ ಸವೆದಿಲ್ವಲ್ಲ!"

"ಹಲ್ಲು ನೋಡ್ಬೇಡಿ, ಹುಟ್ಟಿದ್ದು ಯಾವಾಗ ಅಂತ ನೋಡಿ," ಎಂದು ಟಯರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳ ಮೇಲೆ ಬೆರಳಿಡುತ್ತಾರೆ ವರ್ನಾ. ಟಯರು ತಯಾರಾದ ವಾರ, ವರ್ಷ ಎರಡೂ ಅಲ್ಲಿವೆ. ಟಯರಿಗೆ ಎಂಟು ವರ್ಷ. "ನಿಂತಲ್ಲೇ ಮುದಿಯಾಗಿದೆ."

ಈ ಪಾಠ ಅವರಿಗೆ ಬಿಟ್ಟಿ ಬಂದದ್ದಲ್ಲ. ಹತ್ತೊಂಬತ್ತು ವರ್ಷದ ಹಿಂದೆ ವರ್ನಾ ಮತ್ತು ಗಂಡ ಡ್ಯೂಯಿ ಇಂಥದೇ ಟ್ರೇಲರಿನಲ್ಲಿದ್ದರು. ಟಯರು ಸಿಡಿದು ಟ್ರೇಲರಿನ ತಳ ಕಿತ್ತಿತು, ಗ್ಯಾಸಿನ ಪೈಪು ಹರಿಯಿತು, ಇಬ್ಬರ ಜೀವ ಉಳಿದರೂ ಮನೆ ರಸ್ತೆ ಬದಿಯಲ್ಲೇ ಉರಿದುಹೋಯಿತು. "ಟಯರು ನೋಡೋಕೆ ಫಳಫಳ ಅಂತಿತ್ತು. ಆರ್ಸಿದ್ದು ನಾನೇ," ಎನ್ನುವಾಗ ಅವರ ದನಿ ಇಳಿಯುತ್ತದೆ. ಮರುವರ್ಷವೇ ಈ ಅಂಗಡಿ ಹಾಕಿದರು. ಸೀಸನ್ನಿನಲ್ಲಿ ದಿನಕ್ಕೆ ಆರೇಳು ಟ್ರೇಲರು, ಇಪ್ಪತ್ತೆಂಟು ಟಯರಿನವರೆಗೂ ಕೆಲಸ. ಮೊಣಕಾಲು ಎರಡೂ ಸೋತಿವೆ. ತೂಕ ಹಾಕದೆ ಟಯರು ಕೊಡಿ ಎಂದವರನ್ನು ಇವತ್ತಿಗೂ ಬಾಗಿಲಿಂದಲೇ ವಾಪಸು ಕಳಿಸುತ್ತಾರೆ.

"ಗಂಟೆಗೆ ಅರವತ್ತು ಮೈಲಿ ಮೇಲೆ ಓಡಿಸ್ಬೇಡಿ," ಎಂದು ಹೇಳಿ, ಹಾರ್ಲನ್‌ರಿಂದ ಮಾತು ತೆಗೆದುಕೊಂಡೇ ಅವರು ಬಂಡಿ ಬಿಡುತ್ತಾರೆ. ಹೊರಡುವಾಗ ಐಡೆಲ್ಲಾ ಸೀಟಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾರೆ.

ಏಳನೆಯ ದಿನ ಫೋನು ಬರುತ್ತದೆ. ಬಂಡಿ ಮಿನ್ನೆಸೋಟಾ ತಲುಪಿದೆ! ವರ್ನಾ ಪಾನಾದಿಂದ ತಗಡಿನ ಗೋಡೆಗೆ ಢಣಢಣ ಬಾರಿಸಿ, ಸಾಲಿನಲ್ಲಿ ನಿಂತ ಗಿರಾಕಿಗಳಿಗೆಲ್ಲ ಸುದ್ದಿ ಸಾರುತ್ತಾರೆ. ಅವರೂ ಹಾರನ್ ಒತ್ತಿ ಗದ್ದಲ ಎಬ್ಬಿಸುತ್ತಾರೆ.

ಐಡೆಲ್ಲಾ ಏನೆಂದರು ಎಂದು ಕೇಳಿದರೆ ವರ್ನಾ ಮುಖ ಅರಳಿಸುತ್ತಾರೆ. "ಅರ್ಧ ದಾರಿ ನಿದ್ದೆ ಹೊಡೆದ್ಲಂತೆ. ಇನ್ನೇನು ಬೇಕು ನಂಗೆ?"