ಜೋಮು ಹಿಡಿದ ಕಾಲುಗಳಿಗೆ ಸೈದಾ ಬೀ ಕಾವಲು

“ನನ್ನ ಡ್ಯೂಟಿಯಾಗ ಇನ್ನೊಬ್ಬ ಬಾಣಂತಿ ಕಾಲು ಸುಡಾಕ ಬಿಡಂಗಿಲ್ಲ.” 1973ರಲ್ಲಿ ಹಿರೇಹಡಗಲಿಯ ಪಕ್ಕೀರಮ್ಮ ಎಂಬ ಬಾಣಂತಿಯ ಕೈ ಹಿಡಿದು ನರ್ಸ್ ಸೈದಾ ಬೀ ಕೊಟ್ಟ ಮಾತು ಇದು. ಅದಕ್ಕೀಗ ಹನ್ನೊಂದು ವರ್ಷ.

ಕೊಟ್ಟೂರಿನ ಸಣ್ಣದೊಂದು ಹೆರಿಗೆ ಆಸ್ಪತ್ರೆಯಲ್ಲಿ ಬೆಳಕು ಹರಿಯುತ್ತಿದೆ. ಸೀಮೆಎಣ್ಣೆ ಸ್ಟೋವಿನ ಮೇಲೆ ಗಾಜಿನ ಸಿರಿಂಜು, ಸೂಜಿಗಳು ಕುದಿಯುತ್ತಿವೆ. ಸೈದಾ ಬೀ ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡು ಕೋಗಳಿಯ ಪಾಲಮ್ಮನ ಮಂಚದ ಬಳಿ ಬರುತ್ತಾರೆ. ಪಾಲಮ್ಮನಿಗೆ ನಸುಕಿನಲ್ಲಷ್ಟೇ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ್ದಾರೆ. ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದ ಸೊಂಟದ ಕೆಳಗೆ ಇನ್ನೂ ಏನೂ ಗೊತ್ತಾಗುತ್ತಿಲ್ಲ. ಸೈದಾ ಬೀ ನಾಡಿ ಹಿಡಿಯುತ್ತಾರೆ, ರಕ್ತ ಹೆಚ್ಚು ಹೋಗುತ್ತಿದೆಯೇ ಎಂದು ಬಟ್ಟೆ ನೋಡುತ್ತಾರೆ. ಆಮೇಲೆ ಪಾದಗಳ ಬಳಿ ಹೋಗಿ ನಿಲ್ಲುತ್ತಾರೆ.

“ಕಾಲ್ಬೆರಳು ಆಡ್ಸು ನೋಡಾನ, ಯವ್ವಾ.”

“ಆಡ್ಸಾಕತ್ತೀನಲ್ರೀ.”

ಬೆರಳು ಕದಲುವುದಿಲ್ಲ.

“ಏನ್ ನರ್ಸಮ್ಮ, ನಮ್ಮ ಸೊಸಿ ಕಾಲಿಗೆ ನಮಸ್ಕಾರ ಮಾಡಾಕ ನಿಂತೀರೇನು?” ಅತ್ತೆ ಸುಂಕಮ್ಮ ಕೆಣಕುತ್ತಾಳೆ.

“ನೀನಂತೂ ಮಾಡಂಗಿಲ್ಲ, ನಾನಾರ ಮಾಡ್ತೀನಿ ಬಿಡವ್ವ.” ಅಕ್ಕಪಕ್ಕದ ಮಂಚಗಳಲ್ಲಿ ನಗು. ಸೈದಾ ಬೀ ಮಾತ್ರ ನಗುವುದಿಲ್ಲ. “ಕಾಲು ತಣ್ಣಗದಾವು ಅಂತ ಬಿಸಿ ಗಿಸಿ ಇಟ್ಟೀಯ ಮತ್ತ. ಆಕಿಗೀಗ ಸುಟ್ರೂ ಗೊತ್ತಾಗಂಗಿಲ್ಲ. ಕಂಬಳಿ ಹೊಚ್ಚು, ಅಷ್ಟು ಸಾಕು.”

“ಆತು ತಗಾ,” ಎನ್ನುತ್ತಾಳೆ ಸುಂಕಮ್ಮ.

ಸೈದಾ ಬೀ ಹರಪನಹಳ್ಳಿಯವರು. ತಂದೆ ಇಸಾಕಸಾಬ ಲಾರಿ ಮೆಕ್ಯಾನಿಕ್. ಮಗಳನ್ನು ನರ್ಸಿಂಗ್ ಕಲಿಯಲು ಬಳ್ಳಾರಿಗೆ ಕಳಿಸಿದಾಗ ಓಣಿಯೆಲ್ಲ ಆಡಿಕೊಂಡಿತಂತೆ. “‘ಮಂದಿ ಹೊಲಸು ಬಳಿಯಾಕ ಮಗಳ್ನ ಕಳ್ಸ್ಯಾನ’ ಅಂದ್ರು. ನಮ್ಮಪ್ಪ, ‘ನಾನು ಗ್ರೀಸ್ ಬಳೀತೀನಿ, ಆಕಿ ಅದನ್ನ ಬಳೀತಾಳ. ಸೋಪು ಹಚ್ಚಿದ್ರ ಎರಡೂ ಹೋಗ್ತಾವು ಬಿಡ್ರಲೇ’ ಅಂದ.”

ಇಲ್ಲಿರುವುದು ಹನ್ನೆರಡು ಮಂಚ. ಒಂದು ಪಾಳಿಗೆ ಒಬ್ಬರು ನರ್ಸ್, ಒಬ್ಬಳು ಆಯಾ. ರೋಗಿಗಳ ಕಡೆಯವರು ಹಿತ್ತಲಲ್ಲಿ ಒಲೆ ಹೂಡಿ ರೊಟ್ಟಿ ಬಡಿಯುತ್ತಾರೆ. ಪಕ್ಕೀರಮ್ಮನ ಕಾಲಿಗೆ ಬೆಂಕಿ ಬಂದಿದ್ದೂ ಅಂಥದೇ ಒಲೆಯಿಂದ.

“ಆಕಿಗೂ ಇದೇ ಆಪರೇಷನ್. ಕಾಲು ಥಣ್ಣಗಿದ್ವು. ಅವ್ರವ್ವ ಒಲಿಯಾಗಿನ ಇಟ್ಟಂಗಿ ತಂದು, ಕಂಬಳ್ಯಾಗ ಸುತ್ತಿ ಇಟ್ಳು. ನಾನು ಹೊಸಬಿ. ಪಾಪ, ಮಗಳ ಮ್ಯಾಲೆ ಎಷ್ಟು ಜೀವ ಅಂದ್ಕಂಡು ಕಂಬಳೀನ ಇನ್ನಷ್ಟು ಒತ್ತಿದೆ. ನಾನ ಒತ್ತಿದೆ.” ಪಕ್ಕೀರಮ್ಮನ ಎರಡು ಕಾಲ್ಬೆರಳು ತೆಗೆಯಬೇಕಾಯಿತು.

ಬಾಣಂತಿಯನ್ನು ಬೆಚ್ಚಗಿಡುವುದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಮಂಚದ ಕೆಳಗೆ ಕೆಂಡ ಇಡದ ಬಾಣಂತನ ಎಲ್ಲಿದೆ? ಮಕ್ಕಳನ್ನು ಹೆತ್ತು ಸಾಕಿದ ಯಾರಾದರೂ ಆ ಕಾದ ಇಟ್ಟಿಗೆಯನ್ನು ಇಟ್ಟೇ ಇಡುತ್ತಿದ್ದರು. ಅಂಥ ಅಕ್ಕರೆಯೇ ಕಾಲನ್ನು ಬೇಯಿಸುತ್ತದೆ ಎಂದರೆ ನಂಬುವುದಾದರೂ ಹೇಗೆ?

ಅಂದಿನಿಂದ, ಹೀಗೆ ಆಪರೇಷನ್ ಆದವರ ಬೆರಳು ಆಡುವತನಕ ಸೈದಾ ಬೀ ಪಾದದ ಬಳಿಯಿಂದ ಏಳುವುದಿಲ್ಲ. ಚಹಾ ಕುಡಿಯುವುದೂ ಅಲ್ಲೇ. ಏಳಲೇಬೇಕಾದರೆ ಆಯಾ ಎರ್ರಮ್ಮನನ್ನು ಕೂರಿಸಿ ಹೋಗುತ್ತಾರೆ.

ಪಾಲಮ್ಮ ಕೂಸಿಗೆ ಹಾಲು ಕುಡಿಸಬೇಕೆಂದು ಸುಂಕಮ್ಮನೊಬ್ಬಳನ್ನು ಬಿಟ್ಟು ಹೊರಗಿನವರನ್ನೆಲ್ಲ ಜಗಲಿಗೆ ಕಳಿಸಿದ್ದಾರೆ. ಅಷ್ಟರಲ್ಲಿ, ಇನ್ನೊಬ್ಬಾಕೆ ನೋವು ತಿನ್ನುತ್ತಿರುವ ಹೆರಿಗೆ ಕೋಣೆಯಿಂದ ಎರ್ರಮ್ಮನ ಕೂಗು: “ಅಕ್ಕಾರ, ಕೂಸಿನ ಕಾಲು ಮುಂದ ಬಂದೈತಿ! ಲಗೂನ ಬರ್ರೀ!” ಅಲ್ಲಿ ಇಬ್ಬರೂ ಬೇಕು. ಸುಂಕಮ್ಮನಿಗೆ ಇನ್ನೊಮ್ಮೆ ಹೇಳಿ ಸೈದಾ ಬೀ ಓಡುತ್ತಾರೆ.

ಆ ಕೂಸು ಬದುಕುತ್ತದೆ. ಹೊಕ್ಕುಳಬಳ್ಳಿ ಕಟ್ಟಿ, ಕೈ ತೊಳೆದು, ಸೈದಾ ಬೀ ವಾರ್ಡಿಗೆ ಮರಳಿದಾಗ ಪಾಲಮ್ಮನ ಮುಖದ ತುಂಬ ನಗು.

“ನರ್ಸಮ್ಮ, ನನ್ ಮಗ ಯಾರ ಹಂಗ ಅದಾನ್ರಿ?”

ವಾರ್ಡಿನಲ್ಲಿ ಉಣ್ಣೆ ಕಮರಿದ ವಾಸನೆ. ಸೈದಾ ಬೀ ಪಾದದ ಕಡೆಗೆ ಧಾವಿಸುತ್ತಾರೆ. ಕಂಬಳಿ ಕಿತ್ತೆಸೆದು, ಒಳಗಿದ್ದ ಇಟ್ಟಂಗಿಯನ್ನು ಬರಿಗೈಯಲ್ಲೇ ಎತ್ತಿ ನೆಲಕ್ಕೆ ಹಾಕುತ್ತಾರೆ. ಪಾಲಮ್ಮನ ಎಡ ಹಿಮ್ಮಡಿಯ ಮೇಲೆ ಗುಳ್ಳೆ ಎದ್ದಿದೆ. ಪಾಲಮ್ಮ ಇನ್ನೂ ನಗುತ್ತಲೇ ಇದ್ದಾಳೆ. “ಏನಾತ್ರಿ?”

ಸುಂಕಮ್ಮ ಬಾಗಿ ಗುಳ್ಳೆ ನೋಡುತ್ತಾಳೆ. “ಕಾಲು ಹೆಣದಂಗ ತಣ್ಣಗಿದ್ವು ನರ್ಸಮ್ಮ. ಸುಟ್ರ ಒದರ್ತಿದ್ಲಲ್ಲ, ಒದರ್ಲಿಲ್ಲ... ಹಿತ ಆಗೈತಿ ಅಂದ್ಕಂಡೆ.”

ಸೈದಾ ಬೀ ಬೈಯುವುದಿಲ್ಲ. ಹಿಮ್ಮಡಿಯ ಮೇಲೆ ತಣ್ಣೀರು ಬಿಡುತ್ತಲೇ ಇರುತ್ತಾರೆ. ಅವರ ಅಂಗೈಯೂ ಕೆಂಪಾಗಿದೆ. ವೈದ್ಯರು ಬಂದು ನೋಡುತ್ತಾರೆ. “ಮೇಲಿನ ಚರ್ಮ ಅಷ್ಟೇ, ಕೆಲವು ದಿನದಲ್ಲಿ ಮಾಯುತ್ತೆ. ನೀವು ಬಂದದ್ದಕ್ಕೆ ಕಾಲು ಉಳೀತು. ಇದನ್ನೆಲ್ಲ ಲೆಕ್ಕಕ್ಕೆ ಹಿಡೀಬೇಡಿ ಸಿಸ್ಟರ್.”

“ನೀವು ಹಿಡೀಬ್ಯಾಡ್ರಿ ಸರ್, ನಾನು ಹಿಡೀತೀನಿ,” ಎನ್ನುತ್ತಾರೆ ಸೈದಾ ಬೀ. “ಇನ್ನೊಬ್ಬ ಆಯಾನ ಕೊಡ್ರಿ. ಬ್ಯಾರೆ ಏನೂ ಬ್ಯಾಡ. ಕಾಲಿನ ಹಂತ್ಯಾಕ ಕುಂತ್ರ ಸಾಕು.”

ಬಿಸಿಲು ಏರಿದ ಮೇಲೆ ಪಾಲಮ್ಮನ ಬೆರಳುಗಳು ಕದಲುತ್ತವೆ. ಕಾಲಿಗೆ ಸ್ಪರ್ಶ ಬಂದಂತೆ ಉರಿಯೂ ಬರುತ್ತದೆ. ಆಕೆ ಈಗ ಮೊದಲ ಬಾರಿಗೆ ಚೀರುತ್ತಾಳೆ.

ಸೈದಾ ಬೀ ಪಕ್ಕೀರಮ್ಮನಿಗೆ ಕೊಟ್ಟ ಮಾತು ಮುರಿದಿದೆ.